ಬಾಯಿಗೆ ಏನೂ ಕೊಡಬಾರದು

ಆಯಮ್ಮ ಎಂದರೆ ಬೀದಿಗೆ ಬೀದಿಯೇ ಹೆದರುತ್ತಿತ್ತು. ಹೆದರದೆ ಇನ್ನೇನು? ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ತಲೆಗೂದಲು ನರೆಯುವ ತನಕ ಆಯಾ ಆಗಿದ್ದವಳು. ದೊಡ್ಡ ದೊಡ್ಡ ಡಾಕ್ಟರುಗಳಿಗೇ ‘ಚಪ್ಪಲಿ ಆಚೆ ಬಿಟ್ಟು ಬನ್ನಿ ಸ್ವಾಮಿ’ ಎಂದು ಗದರಿದವಳು. ಅಂಥವಳ ಮುಂದೆ ತರಕಾರಿಯವನು, ಪೇಪರಿನವನು ಎಲ್ಲ ಯಾವ ಲೆಕ್ಕ!

ಆ ವಾರ್ಡಿನಲ್ಲಿ ಅವಳ ಪಾಲಿಗೆ ಬಂದಿದ್ದ ಮುಖ್ಯ ಕೆಲಸ ಒಂದು ತಗಡಿನ ಬೋರ್ಡಿನದು. ಮರುದಿನ ಆಪರೇಷನ್ ಆಗಬೇಕಾದವರ ಮಂಚದ ತಲೆಗೆ ಅದನ್ನು ದಾರದಲ್ಲಿ ನೇತುಹಾಕಬೇಕು. ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ: ‘ಬಾಯಿಗೆ ಏನೂ ಕೊಡಬಾರದು’. ಬೋರ್ಡು ಹಾಕುವುದನ್ನು ಯಾರಾದರೂ ಮಾಡಿಯಾರು. ಅದನ್ನು ಕಾಯುವುದಿದೆಯಲ್ಲ, ಅದಕ್ಕೆ ಆಯಮ್ಮನೇ ಬೇಕು. ಬ್ಯಾಗಿನ ತಳದಲ್ಲಿ ಬಾಳೆಹಣ್ಣು ಬಚ್ಚಿಟ್ಟು ತರುವ ತಾಯಂದಿರು, ‘ಒಂದೇ ಒಂದು ಬಿಸ್ಕತ್ತು ಆಯಮ್ಮ, ಪಾಪ, ಹಸಿವಂತೆ’ ಎಂದು ಗೋಗರೆಯುವ ಗಂಡಂದಿರು, ಎಲ್ಲರಿಗೂ ಅವಳದು ಒಂದೇ ಉತ್ತರ.

“ಹಸಿದು ಯಾರೂ ಸಾಯಲ್ಲ ಕಣಯ್ಯ. ತಿಂದು ಸಾಯ್ತಾರೆ.”

ಆಡಿದ ಮಾತು ಅವಳ ಮನೆಗೇ ಬಂದು ಕೂತಿತು. ಇದ್ದವಳು ಒಬ್ಬಳೇ ಮಗಳು. ತವರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಹೊಟ್ಟೆನೋವು ಎಂದು ಮಲಗಿದವಳನ್ನು ಸಂಜೆ ಆಸ್ಪತ್ರೆಗೆ ಹೊತ್ತೊಯ್ದರು. ಕರುಳಿನ ತುದಿ ಕೊಳೆತು ಒಡೆದಿದೆ, ತಕ್ಷಣ ಕೊಯ್ಯಬೇಕು ಎಂದರು. ಮಂಪರು ಕೊಡುವಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಮೇಲೆ ಬಂದು ಉಸಿರಿನ ದಾರಿಗೆ ಇಳಿಯಿತು. ಆಮೇಲೆ ಎಷ್ಟು ಓಡಾಡಿದರೂ ಜೀವ ನಿಲ್ಲಲಿಲ್ಲ. ಹೊಟ್ಟೆ ಖಾಲಿ ಇರಲಿಲ್ಲ ಎಂದಷ್ಟೇ ಹೇಳಿದರು. ಯಾರು ಕೊಟ್ಟರು, ಏನು ಕೊಟ್ಟರು ಎಂದು ಯಾರೂ ಕೇಳಲಿಲ್ಲ. ಆಯಮ್ಮನೂ ಹೇಳಲಿಲ್ಲ.

ಉಳಿದದ್ದು ಬಸ್ಸು ಓಡಿಸುವ ಅಳಿಯ, ಆಗಷ್ಟೇ ಮಾತು ಕಲಿಯುತ್ತಿದ್ದ ಮೊಮ್ಮಗಳು. ಆಯಮ್ಮ ತನ್ನ ಗಂಟುಮೂಟೆ ಕಟ್ಟಿಕೊಂಡು ಅಳಿಯನ ಮನೆಗೆ ಬಂದು ನಿಂತಳು. ಕೆಲಸದಿಂದ ನಿವೃತ್ತಿಯಾದ ದಿನ ವಾರ್ಡಿನವರು ‘ನೆನಪಿಗೆ ಏನು ಬೇಕು ಆಯಮ್ಮ?’ ಎಂದಾಗ, ಬಣ್ಣ ಕಿತ್ತುಹೋದ ಹಳೇ ಬೋರ್ಡೊಂದನ್ನು ಕೇಳಿದಳು. ಗೋಡೆ ಗಡಿಯಾರ ತಂದಿಟ್ಟಿದ್ದವರು ಮುಖ ಮುಖ ನೋಡಿಕೊಂಡು ಎರಡನ್ನೂ ಕೊಟ್ಟು ಕಳಿಸಿದರು.

ಸೀಟಿ ಆ ಮನೆಗೆ ಬಂದದ್ದು ಅಳಿಯನ ಬಸ್ಸಿನಲ್ಲೇ. ಜೊತೆಗಿದ್ದ ಕಂಡಕ್ಟರು ಬೇರೆ ಊರಿಗೆ ಹೊರಟಾಗ, ತನ್ನ ಮಕ್ಕಳು ಸಾಕಿದ್ದ ಗಿನಿಪಿಗ್ಗನ್ನು ರಟ್ಟಿನ ಡಬ್ಬದಲ್ಲಿಟ್ಟು ಇವನ ಕೈಗೆ ದಾಟಿಸಿದ್ದ. ಕಂದು ಬಿಳಿ ಬಣ್ಣದ, ಎರಡು ಅಂಗೈ ತುಂಬುವ ಉಣ್ಣೆಯುಂಡೆ. ಬಾಲ ಹುಡುಕಿದರೂ ಸಿಗದು.

“ಬೆಟ್ಟ ಅಗೆದು ಇಲಿ ಹಿಡಿದ್ರಂತೆ. ನೀವು ದಿನವೆಲ್ಲ ಬಸ್ಸು ಓಡಿಸಿ ಇಲಿ ತಂದ್ರಾ ಅಳಿಯಂದ್ರೇ?” ಎಂದಳು ಆಯಮ್ಮ.

“ಇಲಿ ಅಲ್ಲ ಅತ್ತೆ. ಗಿನಿಪಿಗ್.”

“ಪಿಗ್ ಅಂದ್ರೆ ಹಂದಿ ತಾನೆ? ಇಲಿಗಿಂತ ಹಂದಿ ವಾಸೀನಾ?”

ಅಳಿಯ ಮಾತಾಡುತ್ತಲೇ ಫ್ರಿಜ್ಜಿನ ಬಾಗಿಲು ತೆಗೆದ. ಡಬ್ಬದೊಳಗಿಂದ ‘ವೀಕ್, ವೀಕ್, ವೀಕ್’ ಎಂದು ಪೊಲೀಸಿನವನ ಸೀಟಿಯಂಥ ಕೂಗು ಎದ್ದಿತು. ಸೊಪ್ಪಿನ ವಾಸನೆ ಅದಕ್ಕೆ ಸಿಕ್ಕಿತ್ತು. ಮೊಮ್ಮಗಳು ನಕ್ಕಳು. ಆ ಹುಡುಗಿ ನಗುವುದೆಂದರೆ ಏನೆಂದುಕೊಂಡಿರಿ? ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ, ಅಂಥ ಮುಚ್ಚಿದ ಮಡಕೆ ಅವಳು. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಯಮ್ಮನ ತಕರಾರು ಅಲ್ಲಿಗೆ ಮುಗಿಯಿತು, ಅದಕ್ಕೆ ಸೀಟಿ ಎಂದೇ ಹೆಸರಾಯಿತು.

ಅಂದಿನಿಂದ ಹುಡುಗಿ ಶಾಲೆಯಿಂದ ಬಂದವಳೇ ಗೂಡಿನ ಮುಂದೆ ಮಂಡಿಯೂರುವಳು. ಯಾರು ಜಗಳವಾಡಿದರು, ಟೀಚರು ಯಾಕೆ ಬೈದರು, ಎಲ್ಲರ ಅಮ್ಮಂದಿರು ಬಂದ ದಿನ ತನಗೆ ಏನನ್ನಿಸಿತು, ಎಲ್ಲವನ್ನೂ ಸೀಟಿಗೆ ಹೇಳುವಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ, ಉಸಿರು ಬಿಗಿಹಿಡಿದು ಆಯಮ್ಮ ಕೇಳಿಸಿಕೊಳ್ಳುವಳು. ಮೊಮ್ಮಗಳ ಮನಸ್ಸು ತಿಳಿಯಲು ಅವಳಿಗಿದ್ದ ಕಿಟಕಿ ಅದೊಂದೇ. ಸೀಟಿಯ ಮೇಲೆ ಅವಳಿಗೆ ಪ್ರಾಣ ಬಂದದ್ದು ಹೀಗೆ; ಬಾಯಲ್ಲಿ ಮಾತ್ರ ಇಂದಿಗೂ ‘ಹಂದಿ ಇಲಿ’.

ಒಂದು ದಿನ ಗೂಡಿನ ಬಟ್ಟೆ ಒಗೆಯಲು ತೆಗೆದಾಗ ಅದರಲ್ಲಿ ರಕ್ತದ ಕಲೆ ಕಂಡಿತು. ಮೂತ್ರ ಮಾಡುವಾಗ ಸೀಟಿ ಬೆನ್ನು ಗೂನು ಮಾಡಿ ನರಳುತ್ತಿತ್ತು. ಹುಡುಗಿ ಶಾಲೆಯಲ್ಲಿದ್ದಳು, ಅಳಿಯ ಡ್ಯೂಟಿಯಲ್ಲಿದ್ದ. ಆಯಮ್ಮ ಒಬ್ಬಳೇ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ದವಾಖಾನೆಗೆ ಹೋದಳು. ಅಲ್ಲಿ ಕೂತಿದ್ದದ್ದು ಮೊಮ್ಮಗಳ ಅಕ್ಕನಂತೆ ಕಾಣುವ ಎಳೇ ಡಾಕ್ಟರಮ್ಮ.

“ಮೂತ್ರಕೋಶದಲ್ಲಿ ಕಲ್ಲಿದೆ ಅಮ್ಮ. ಆಪರೇಷನ್ ಮಾಡಿ ತೆಗೀಲೇಬೇಕು.”

“ಇಷ್ಟು ಚೂರು ಜೀವ ಮಂಪರು ತಡ್ಕೊಳ್ಳುತ್ತಾ?”

“ಹುಷಾರಾಗಿ ಕೊಡ್ತೀವಿ. ಮೂಗಿಗೆ ಪುಟ್ಟ ಮುಸುಕು ಹಿಡಿದು, ಉಸಿರಿನ ಜೊತೆ ಔಷಧಿ ಹೋಗೋ ಹಾಗೆ. ಇದರ ಮೈ ಬೇಗ ತಣ್ಣಗಾಗುತ್ತೆ, ಅದಕ್ಕೆ ಅಡಿಯಲ್ಲಿ ಬೆಚ್ಚನೆ ಹಾಸಿಗೆ ಇರುತ್ತೆ. ನಿಮ್ಮ ಕಡೆಯಿಂದ ಒಂದೇ ಕೆಲಸ ಆಗ್ಬೇಕು. ಇಲ್ಲಿಗೆ ಬರೋ ತನಕ ಹುಲ್ಲು ತಿಂತಾನೇ ಇರ್ಲಿ. ಉಪವಾಸ ಇಡಬಾರದು.”

“ಉಪವಾಸ ಇಡಬೇಕು ಅಂದ್ರಾ?”

“ಇಡಬಾರದು ಅಂದೆ. ಮನುಷ್ಯರಿಗೆ ವಾಂತಿ ಆಗುತ್ತೆ ಅಂತ ಹೊಟ್ಟೆ ಖಾಲಿ ಇಡ್ತಾರೆ. ಇದಕ್ಕೆ ವಾಂತಿ ಮಾಡೋಕೇ ಬರಲ್ಲಮ್ಮ. ಇದರ ಹೊಟ್ಟೆ ಹಿಟ್ಟಿನ ಗಿರಣಿ ಇದ್ದ ಹಾಗೆ, ಸದಾ ಓಡ್ತಾ ಇರ್ಬೇಕು. ಒಂದ್ಸಲ ನಿಂತ್ರೆ ಮತ್ತೆ ಓಡಿಸೋದು ಬಹಳ ಕಷ್ಟ.”

ಆಯಮ್ಮ ತಲೆಯಾಡಿಸಿ ಎದ್ದು ಬಂದಳು. ಬಸ್ಸಿನಲ್ಲಿ ಬುಟ್ಟಿ ತಬ್ಬಿ ಕೂತವಳು ದಾರಿಯುದ್ದಕ್ಕೂ ಗೊಣಗಿದಳು. ಗಿರಣಿಯಂತೆ, ಗಿರಣಿ! ಹೊಟ್ಟೆ ಅಂತ ಇದ್ದ ಮೇಲೆ ವಾಂತಿ ಇಲ್ಲದೆ ಇರುತ್ತದೆಯೇ? ಇನ್ನೂ ಹಾಲುಹಲ್ಲು ಬೀಳದ ಹುಡುಗಿ ಇವಳು, ಎಷ್ಟು ಮಂಚ ನೋಡಿದ್ದಾಳೆ? ನಾನು ನೋಡಿದ್ದೇನೆ. ತಿಂದು ಹೋದವರು ವಾಪಸ್ಸು ಬರುವುದಿಲ್ಲ.

ಅಯ್ಯೋ ಪುಣ್ಯಾತಗಿತ್ತಿ, ಹೇಳಿದ್ದನ್ನು ಹೇಳಿದಷ್ಟು ಕೇಳಬಾರದಿತ್ತೇ! ಗೊತ್ತಿಲ್ಲದವರು ಕೇಳಿ ಉಳಿದುಕೊಳ್ಳುತ್ತಾರೆ. ಗೊತ್ತಿದ್ದವರ ಪಾಡು ಕಷ್ಟ. ಡಾಕ್ಟರಮ್ಮ ಹೇಳಿದ್ದರಲ್ಲಿ ಆಪರೇಷನ್ನಿನ ದಿನವೊಂದನ್ನು ಬಿಟ್ಟು ಬೇರೇನನ್ನೂ ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ.

ಹಿಂದಿನ ದಿನ ಸಂಜೆ ಗೂಡಿನಿಂದ ಹುಲ್ಲು ತೆಗೆದಳು. ಬಟ್ಟಲು ತೊಳೆದು ಬೋರಲು ಹಾಕಿದಳು. ಬೀರುವಿನ ಮೇಲಿದ್ದ ಬೋರ್ಡನ್ನು ಇಳಿಸಿ, ಧೂಳು ಒರೆಸಿ, ಗೂಡಿನ ಸರಳಿಗೆ ನೇತುಹಾಕಿದಳು. ಬೋರ್ಡು ಗೂಡಿಗಿಂತ ಅಗಲವಿತ್ತು. ಅದರ ಹಿಂದಿನಿಂದ ಸೀಟಿಯ ಮೂಗಷ್ಟೇ ಕಾಣುತ್ತಿತ್ತು.

“ಅದಕ್ಕೆ ಹಸಿವಾಗಲ್ವಾ ಅಜ್ಜಿ?” ಎಂದಳು ಮೊಮ್ಮಗಳು.

“ಹಸಿದು ಯಾರೂ ಸಾಯಲ್ಲ.”

“ತಿಂದು ಸಾಯ್ತಾರೆ,” ಎಂದು ಹುಡುಗಿ ಮಗ್ಗಿ ಒಪ್ಪಿಸುವಂತೆ ಮುಗಿಸಿದಳು. ಅವಳಿಗೆ ಅಮ್ಮನ ಬಗ್ಗೆ ಗೊತ್ತಿದ್ದದ್ದೇ ಅಷ್ಟು.

ಬೆಳಿಗ್ಗೆ ಅಳಿಯ ಚಹಾಕ್ಕೆ ಹಾಲು ತೆಗೆಯಲು ಫ್ರಿಜ್ಜು ತೆರೆದದ್ದೇ ತಡ, ಸೀಟಿ ಶುರುವಿಟ್ಟುಕೊಂಡಿತು. ಅವನು ಚಹಾ ಕುಡಿದು ಡ್ಯೂಟಿಗೆ ಹೋದ. ಅದರ ಕೂಗು ನಿಲ್ಲಲಿಲ್ಲ. ಸರಳಿಗೆ ಮುಂಗಾಲು ಕೊಟ್ಟು, ಕತ್ತು ಚಾಚಿ, ಒಂದೇ ಸಮನೆ. ಆಯಮ್ಮನಿಗೆ ಮಗಳ ಮುಖ ಕಣ್ಣ ಮುಂದೆ ಬಂತು. ಇಲ್ಲ, ಈ ಸಲ ಸೋಲುವುದಿಲ್ಲ ಎಂದು ಹಲ್ಲು ಕಚ್ಚಿ ಬಚ್ಚಲಿಗೆ ಹೋಗಿ, ಕೂಗು ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ತಿರುಗಿಸಿಕೊಂಡು ನಿಂತಳು. ಸ್ನಾನ ಮುಗಿಸಿ ಬಂದಾಗ ಕೂಗು ನಿಂತಿತ್ತು. ಹುಡುಗಿ ಇವಳ ಕಡೆ ಬೆನ್ನು ಮಾಡಿ ಗೂಡಿನ ಮುಂದೆ ಕೂತಿದ್ದಳು.

“ನೋಡ್ದ್ಯಾ? ಸುಮ್ಮನಾಯ್ತು,” ಎಂದಳು ಆಯಮ್ಮ. ಹುಡುಗಿ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಸೀಟಿಯನ್ನು ತೂಕ ಮಾಡಿ, ಎದೆಗೆ ಕೊಳವೆ ಇಟ್ಟು ಕೇಳಿ, ತಲೆಯೆತ್ತಿದಳು. “ಬೆಳಿಗ್ಗೆ ಚೆನ್ನಾಗಿ ತಿಂತಲ್ಲ?”

ಇಲ್ಲ ಎಂದರೆ ಇವತ್ತು ಮಾಡುವುದಿಲ್ಲ ಎನ್ನುತ್ತಾಳೆ. ಇಲ್ಲವೇ ಈಗಲೇ ತಿನ್ನಿಸಿಬಿಡುತ್ತಾಳೆ, ಆಮೇಲೆ ಜೀವ ಹೋಗುತ್ತದೆ. ಆಯಮ್ಮ ಸೀಟಿಯನ್ನು ಉಳಿಸಲೆಂದೇ ಸುಳ್ಳು ಹೇಳಿದಳು.

“ತಿಂದಿದೆ. ಹೊಟ್ಟೆ ತುಂಬ.”

ಅವಳ ಮುಷ್ಟಿಯೊಳಗಿದ್ದ ಮೊಮ್ಮಗಳ ಕೈ ತಣ್ಣಗೆ ಕೊರೆಯತೊಡಗಿತು. ಸುಳ್ಳು ಕೇಳಿ ಹೆದರಿದೆ ಕೂಸು ಎಂದುಕೊಂಡು, ಸುಮ್ಮನಿರು ಎನ್ನುವಂತೆ ಆಯಮ್ಮ ಆ ಕೈಯನ್ನು ಒತ್ತಿ ಹಿಡಿದಳು.

ಬಾಗಿಲ ಹೊರಗಿನ ಬೆಂಚಿನಲ್ಲಿ ಇಬ್ಬರೂ ಕಾದರು. ಬಾಗಿಲು ತೆರೆದಾಗ ಡಾಕ್ಟರಮ್ಮ ನಗುತ್ತಿದ್ದಳು. ಹತ್ತಿಯ ಮೇಲೆ ಬಟಾಣಿ ಕಾಳಿನಷ್ಟು ಕಲ್ಲು. ಒಳಗೆ ಬೆಚ್ಚನೆ ಹಾಸಿಗೆಯ ಮೇಲೆ ಟವೆಲು ಹೊದ್ದು ಸೀಟಿ ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು. ಆಯಮ್ಮನಿಗೆ ಅಲ್ಲೇ ಕೂತು ಅತ್ತುಬಿಡಬೇಕೆನ್ನಿಸಿತು. ಈ ಸಲ ಗೆದ್ದೆ. ಇಷ್ಟು ವರ್ಷದ ಮೇಲೆ ಒಂದು ಸಲವಾದರೂ ಗೆದ್ದೆ.

“ಆಪರೇಷನ್ ಅರ್ಧ ಕೆಲಸ ಅಷ್ಟೇ ಅಮ್ಮ,” ಎಂದಳು ಡಾಕ್ಟರಮ್ಮ. “ಇನ್ನು ಇದು ತಿನ್ಬೇಕು, ಹಿಕ್ಕೆ ಹಾಕ್ಬೇಕು. ತಿನ್ನದಿದ್ರೆ ಈ ಹುಲ್ಲಿನ ಪುಡೀನ ನೀರಲ್ಲಿ ಕಲಸಿ ಸಿರಿಂಜಲ್ಲಿ ಕೊಡಿ. ನೋವಿನ ಔಷಧಿ ತಪ್ಪಿಸ್ಬೇಡಿ. ಬೆಚ್ಚಗಿಡಿ.”

“ಎಲ್ಲಾ ಬೋರ್ಡಿನ ಮಹಿಮೆ ಕಣೇ,” ಎಂದು ಬಸ್ಸಿನಲ್ಲಿ ಆಯಮ್ಮ ಮೊಮ್ಮಗಳ ಕಿವಿಯಲ್ಲಿ ಹೇಳಿದಳು. ಹುಡುಗಿ ನಗಲಿಲ್ಲ. ಬುಟ್ಟಿಯನ್ನೇ ನೋಡುತ್ತಿದ್ದಳು.

ರೋಗಿಯನ್ನು ನೋಡಿಕೊಳ್ಳುವುದರಲ್ಲಿ ಆಯಮ್ಮನನ್ನು ಮೀರಿಸುವವರುಂಟೇ? ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟಳು. ಹಿಕ್ಕೆ ಬಿದ್ದರೆ ಕಾಣಲೆಂದು ಬಿಳೀ ಬಟ್ಟೆ ಹಾಸಿದಳು. ಹುಲ್ಲಿನ ಗಂಜಿಯನ್ನು ಕೆನ್ನೆಯ ಸಂದಿಯಿಂದ ಚೂರು ಚೂರೇ ಬಿಟ್ಟಳು. ‘ನುಂಗು ಬಂಗಾರ, ನುಂಗು, ನಿನ್ನ ಕಾಲಿಗೆ ಬೀಳ್ತೀನಿ’ ಎಂದು ಬೇಡಿದಳು. ಸೀಟಿ ಒಂದು ಗುಟುಕು ನುಂಗಿ, ಉಳಿದದ್ದನ್ನು ಗಲ್ಲದ ಮೇಲೆ ಸುರಿಸಿ ಸುಮ್ಮನೆ ಕೂರುತ್ತಿತ್ತು. ಹಲ್ಲು ಮಸೆಯುತ್ತಿತ್ತು. ಹೊಟ್ಟೆ ಉಬ್ಬಿ ಬಿಗಿಯಾಯಿತು.

ಬಿಳೀ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಜನ್ಮವೆಲ್ಲ ಕಂಡವರ ಹೇಲು ಬಳಿದವಳು ಆಯಮ್ಮ. ಈಗ ಒಂದೇ ಒಂದು ಹಿಕ್ಕೆ ಕಂಡರೆ ಸಾಕಪ್ಪ ದೇವರೇ ಎಂದು ಬಟ್ಟೆಯನ್ನು ಮತ್ತೆ ಮತ್ತೆ ಎತ್ತಿ ನೋಡಿದಳು. ಮೊಮ್ಮಗಳು ಹೋಗಿ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಸೀಟಿಯ ಕಿವಿ ಅಲುಗುತ್ತಿತ್ತು, ಕೂಗು ಬರುತ್ತಿರಲಿಲ್ಲ. “ಫ್ರಿಜ್ಜು ಹಾಳಾಗುತ್ತೆ ಪುಟ್ಟಾ,” ಎಂದ ಅಪ್ಪ. ಆಮೇಲೆ ತಾನೇ ಹೋಗಿ, ಸೊಪ್ಪಿನ ಕವರನ್ನು ಪರಪರ ಸದ್ದು ಮಾಡಿ, ಸ್ವಲ್ಪ ಹೊತ್ತು ಹಾಗೇ ನಿಂತು ಬಾಗಿಲು ಮುಚ್ಚಿದ.

ಮರುದಿನ ಹುಡುಗಿಯನ್ನು ಬಲವಂತವಾಗಿ ಶಾಲೆಗೆ ಕಳಿಸಿ ಆಯಮ್ಮ ಬುಟ್ಟಿ ಎತ್ತಿಕೊಂಡು ದವಾಖಾನೆಗೆ ಓಡಿದಳು. ಡಾಕ್ಟರಮ್ಮ ಸೀಟಿಯ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು.

“ಏನೂ ಕೇಳಿಸ್ತಿಲ್ಲ. ಹೊಟ್ಟೆ ಪೂರ್ತಿ ನಿಂತುಬಿಟ್ಟಿದೆ. ಅಮ್ಮ, ನಿನ್ನೆ ಬೆಳಿಗ್ಗೆ ಇದು ನಿಜವಾಗ್ಲೂ ತಿಂದಿತ್ತಾ?”

ಆಯಮ್ಮ ಸೀಟಿಯ ಕಿವಿ ಸವರಿದಳು. “ಇಲ್ಲ. ಹಿಂದಿನ ಸಂಜೆಯಿಂದ ಏನೂ ಕೊಟ್ಟಿರ್ಲಿಲ್ಲ.”

ಡಾಕ್ಟರಮ್ಮ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. “ನಿನ್ನೆಯೇ ಹೇಳಿದ್ರೆ ಮುಂದಕ್ಕೆ ಹಾಕ್ತಿದ್ದೆ. ಚೆನ್ನಾಗಿ ತಿನ್ನಿಸಿ ಆಮೇಲೆ ಮಾಡ್ತಿದ್ದೆ.”

“ಅದಕ್ಕೇ ಹೀಗಾಯ್ತಾ?”

“ಅದಕ್ಕೇ ಅಂತ ಖಂಡಿತ ಹೇಳೋಕಾಗಲ್ಲ. ಚೆನ್ನಾಗಿ ತಿಂದು ಬಂದವಕ್ಕೂ ಒಮ್ಮೊಮ್ಮೆ ಆಗುತ್ತೆ. ಆದ್ರೆ ತಿಂದಿದ್ದಿದ್ರೆ ಉಳಿಯೋ ಆಸೆ ಜಾಸ್ತಿ ಇತ್ತಮ್ಮ.”

ಚರ್ಮದಡಿಗೆ ನೀರು ಕೊಟ್ಟರು, ಸೂಜಿ ಚುಚ್ಚಿದರು, ಮತ್ತೆ ಬೆಚ್ಚನೆ ಹಾಸಿಗೆಯ ಮೇಲಿಟ್ಟರು. ಆಯಮ್ಮ ಎರಡೂ ಅಂಗೈಯನ್ನು ಅದರ ಸುತ್ತ ಗೋಡೆಯಂತೆ ಹಿಡಿದು ನಿಂತಳು. ಶಾಲೆ ಬಿಡುವ ಹೊತ್ತಿಗೆ ಮುಂಚೆಯೇ, ಒಂದು ಸಲ ಕಾಲು ಚಾಚಿ, ಸೀಟಿ ಸತ್ತುಹೋಯಿತು.

ಮನೆಯ ಹಿಂದಿನ ಕೈಯಗಲ ಮಣ್ಣಿನಲ್ಲಿ ಅಳಿಯ ಗುಂಡಿ ತೆಗೆದ. ಹುಡುಗಿ ಅಳಲಿಲ್ಲ. ಒಳಗೆ ಹೋಗಿ ಖಾಲಿ ಗೂಡಿನ ಪಕ್ಕ ಕೂತಳು. ರಾತ್ರಿ ಊಟ ಬೇಡವೆಂದಳು. ಮರುದಿನ ರಜೆ; ಬೆಳಿಗ್ಗೆಯೂ ಬೇಡವೆಂದಳು. ಅಳಿಯ ಬೇಡಿಕೊಂಡು ನೋಡಿ, ಸೋತು, ಕಣ್ಣೊರೆಸಿಕೊಂಡು ಡ್ಯೂಟಿಗೆ ಹೋದ.

ಮಧ್ಯಾಹ್ನ ಆಯಮ್ಮ ತಟ್ಟೆ ಹಿಡಿದು ಬಂದು ನೋಡುತ್ತಾಳೆ, ಹುಡುಗಿ ಗೋಡೆಗೊರಗಿ ಕೂತಿದ್ದಾಳೆ, ಕೊರಳಲ್ಲಿ ಬೋರ್ಡು. ‘ಬಾಯಿಗೆ ಏನೂ ಕೊಡಬಾರದು’.

“ಥೂ, ಇದೇನೇ ಇದು! ತೆಗಿ ಅದನ್ನ!”

“ನಂಗೆ ಏನೂ ಕೊಡ್ಬೇಡ ಅಜ್ಜಿ. ಸೀಟೀನ ನಾನೇ ಸಾಯಿಸಿದ್ದು.”

ತಟ್ಟೆ ಕೆಳಗಿಟ್ಟು ಆಯಮ್ಮ ಎದುರಿಗೆ ಕುಸಿದು ಕೂತಳು.

“ನೀನು ಸ್ನಾನಕ್ಕೆ ಹೋದಾಗ ಒಂದು ಕೊತ್ತಂಬರಿ ಎಲೆ ಕೊಟ್ಟೆ,” ಎಂದಳು ಹುಡುಗಿ. “ತುಂಬಾ ಕೂಗ್ತಿತ್ತು. ಡಾಕ್ಟರ್ ಕೇಳ್ದಾಗ ನೀನು ತಿಂದಿದೆ ಅಂದ್ಯಲ್ಲ, ನಿಂಗೆ ಗೊತ್ತಾಗಿದೆ ಅನ್ಕೊಂಡೆ. ನೀನು ಬೈಲೇ ಇಲ್ಲ. ನನ್ನ ಕೈ ಹಿಡ್ಕೊಂಡೆ. ಅಮ್ಮನ್ ಥರಾನೇ ಆಯ್ತು ಅಲ್ವಾ ಅಜ್ಜಿ? ತಿಂದು ಸತ್ತೋಯ್ತು.”

ಒಂದು ಎಲೆಗೆಲ್ಲ ಏನೂ ಆಗಲ್ಲ, ಏಳು, ಊಟ ಮಾಡು ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ಆಯಮ್ಮನ ತುಟಿಯ ತನಕ ಬಂದಿತ್ತು. ಆದರೆ ಹುಡುಗಿ ನಂಬುತ್ತಿರಲಿಲ್ಲ. ಮಗ್ಗಿಯಂತೆ ಬಾಯಿಪಾಠ ಮಾಡಿಸಿದವಳು ಇವಳೇ ಅಲ್ಲವೇ! ಹೀಗೆ ಒಳಗೆ ಇಟ್ಟುಕೊಂಡು ಬದುಕುವುದು ಹೇಗಿರುತ್ತದೆಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಈ ಕೂಸಿಗೆ ಬೇಡ.

“ನೀನಲ್ಲ ಕಂದ. ನಾನು,” ಎಂದಳು. “ಉಪವಾಸ ಇಡಬೇಡಿ, ಬರೋ ತನಕ ತಿನ್ನಿಸಿ ಅಂತ ಡಾಕ್ಟರು ನಂಗೆ ಬಿಡಿಸಿ ಬಿಡಿಸಿ ಹೇಳಿದ್ರು. ನಾನು ಕೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ. ತಿಂದಿದೆ ಅಂತ ಅವರಿಗೆ ಸುಳ್ಳು ಹೇಳ್ದೆ. ಹಸಿವಿಂದಾನೇ ಅದರ ಹೊಟ್ಟೆ ಸೋತಿದ್ದು. ಆ ದಿನ ಈ ಮನೇಲಿ ನಡೆದಿದ್ರಲ್ಲಿ ಸರಿಯಾಗಿದ್ದಿದ್ದು ನಿನ್ನ ಆ ಎಲೆ ಒಂದೇ.”

“ಮತ್ತೆ ತಿಂದು ಸಾಯ್ತಾರೆ ಅಂದೆ?”

“ಅದು ಮನುಷ್ಯರಿಗೆ. ನಿಮ್ಮಮ್ಮನಿಗೆ…” ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು. “ನಿಮ್ಮಮ್ಮನಿಗೆ ಹಾಲು ಕೊಟ್ಟಿದ್ದು ನಾನೇ. ಹೊಟ್ಟೆನೋವು ಅಂತ ಮಲಗಿದ್ಲು. ಆಪರೇಷನ್ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಊರಿಗೆಲ್ಲ ಬೋರ್ಡು ಹಾಕಿ ಕಾವಲು ನಿಂತವಳು, ಹೆತ್ತ ಮಗಳಿಗೆ ಕೈಯಾರೆ ಹಾಲು ಕುಡಿಸ್ದೆ. ಅವಳಿಗೆ ಕೊಟ್ಟು ಕಳ್ಕೊಂಡೆ, ಇದಕ್ಕೆ ಕೊಡದೆ ಕಳ್ಕೊಂಡೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳೇ ನನ್ನವ್ವಾ.”

ಆಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಹುಡುಗಿ ಅವಳನ್ನೇ ನೋಡುತ್ತ ಕೂತಿದ್ದಳು. ಅನ್ನದ ಮೇಲೆ ನೊಣ ಕೂತಿತು, ಯಾರೂ ಓಡಿಸಲಿಲ್ಲ.

“ಅಮ್ಮ ಹಾಲು ಕೇಳಿದ್ಲಾ?” ಎಂದಳು ಹುಡುಗಿ ಕೊನೆಗೆ.

“ಕೇಳಿದ್ಲು. ಹಸಿವು ಅಂದ್ಲು.”

“ಕುಡಿದು ಏನಂದ್ಲು?”

ಅದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. “ಇನ್ನೊಂಚೂರು ಕೊಡಮ್ಮ ಅಂದ್ಲು.”

“ಕೊಟ್ಯಾ?”

“ಕೊಟ್ಟೆ.”

ಹುಡುಗಿ ತಲೆ ತಿರುಗಿಸಿ ಖಾಲಿ ಗೂಡನ್ನು ನೋಡಿದಳು.

“ಸೀಟೀನೂ ಇನ್ನೊಂದು ಎಲೆ ಕೇಳ್ತು ಅಜ್ಜಿ. ನನ್ನ ಬೆರಳೆಲ್ಲ ಮೂಸ್ತು. ಇಡೀ ಕಟ್ಟು ಕೈಯಲ್ಲೇ ಇತ್ತು. ನೀನು ಬೇಡ ಅಂದಿದ್ದೆ ಅಂತ ನಾನು ಕೊಡ್ಲಿಲ್ಲ.”

ಆಯಮ್ಮ ಮುಂದೆ ಸರಿದು, ಮೊಮ್ಮಗಳ ಕೊರಳಿನಿಂದ ಬೋರ್ಡು ತೆಗೆಯಲು ಕೈ ಹಾಕಿದಳು. ದಾರ ಕೂದಲಿಗೆ ಸಿಕ್ಕಿಕೊಂಡಿತ್ತು. ಒಂದೊಂದೇ ಎಳೆ ಬಿಡಿಸುತ್ತ ಕೂತಳು, ಹುಡುಗಿ ತಲೆ ಅಲುಗಿಸದೆ ಹಾಗೇ ಕೂತಿದ್ದಳು.